ಮೈದುನನ ಬೋಣಿ ಸಿನಿಮಾ

ನನ್ನ ಮೈದುನ ಮದರಾಸಿನ ಪೆರಂಬೂರಿನ ಹಳೇ ಮಾರ್ಕೆಟ್ಟಿನ ಮೇಲೆ ಸಿನಿಮಾ ತೆಗೆದ ಎಂದು ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಸುಳ್ಳು! ಅವನು ತಂದದ್ದು ತರಕಾರಿ. ಸಿನಿಮಾ ಅದರ ಜೊತೆ ಕೊಸರಾಗಿ ಬಂತು.

ರೈಲ್ವೆಯಿಂದ ನಿವೃತ್ತನಾಗಿ ನಮ್ಮ ಮನೆಯಲ್ಲೇ ಇರುವ ಮನುಷ್ಯ. ಮಾರ್ಕೆಟ್ಟು ಕೆಡವುತ್ತಾರೆಂದು ಕೇಳಿದ್ದೇ ತಡ, ಫೋನು ಹಿಡಿದು ಹೊರಟ. ಕೆಡವುವುದರೊಳಗೆ ಎಲ್ಲ ಅಂಗಡಿಗಳ ಸಿನಿಮಾ ತೆಗೆದು, ಅಲ್ಲಿಯವರಿಗೇ ತೋರಿಸಬೇಕಂತೆ.

"ಬೆಳಗಿನ ಬಿಸಿಲು ಚೆನ್ನಾಗಿರತ್ತೆ ಅತ್ತಿಗೆ."

ಬಿಸಿಲೇನೋ ಚೆನ್ನಾಗಿತ್ತು. ಆದರೆ ದಿನದ ಮೊದಲ ವ್ಯಾಪಾರವೇ ಆಗದಿರುವಾಗ ಸುಮ್ಮನೆ ನಿಂತು ನೋಡುವವನನ್ನು ಯಾವ ಅಂಗಡಿಯವರು ಸಹಿಸುತ್ತಾರೆ? ಸೊಪ್ಪಿನವಳಂತೂ ಮುಖಕ್ಕೆ ಸೆರಗೆಳೆದುಕೊಂಡಳು. "ಸಾರ್, ಇನ್ನುಂ ಬೋಣಿ ಆಗಲೆ, ತಳ್ಳಿ ನಿಲ್ಲುಂಗ!" ಆಚೆ ಸರಿದು ನಿಲ್ಲಬೇಕಂತೆ.

ಇವನಿಗೆ ಉಪಾಯ ಹೊಳೆಯಿತು. ತಾನೇ ಬೋಣಿ ಮಾಡುವುದು! ಎಲ್ಲ ಅಂಗಡಿಯಲ್ಲೂ! ಬೋಣಿ ಮಾಡಿದವನಿಗೆ ಯಾರು ಬೇಡವೆನ್ನುತ್ತಾರೆ? ಮಂಚದ ಕೆಳಗೆ ಕುಂಬಳಕಾಯಿ, ದೇವರ ಮನೆಯಲ್ಲಿ ಸುವರ್ಣಗಡ್ಡೆ. ಒಂದು ದಿನ ಮೀನಿನ ಅಂಗಡಿಯಲ್ಲೂ ಬೋಣಿ ಮಾಡಿ ಬಂದ. ಲಿಂಗ ಕಟ್ಟಿದ ಮನೆಯವನು!

"ಮೀನು ಏನು ಮಾಡ್ದೆ?"

"ಬೆಕ್ಕಿಗೆ ಹಾಕ್ದೆ ಅತ್ತಿಗೆ."

"ನಮ್ಮನೇಲಿ ಬೆಕ್ಕೆಲ್ಲಿದೆಯೋ?"

"ಈಗಿದೆ."

ಕೊನೆಗೊಂದು ಸಂಜೆ ನನಗೆ ಫೋನಿನಲ್ಲಿ ಸಿನಿಮಾ ತೋರಿಸಿದ. ಯಾವ ಅಂಗಡಿಯಲ್ಲಿ ನೋಡಿದರೂ ಕೊಳ್ಳುವ ಕೈ ಒಂದೇ, ಹವಳದ ಉಂಗುರ ತೊಟ್ಟ ಇವನದೇ ಕೈ! ಇಡೀ ಪೆರಂಬೂರಿನಲ್ಲಿ ಇವನೊಬ್ಬನೇ ಉಣ್ಣುವವನು ಎಂಬಂತೆ! ನಾನು ನಕ್ಕೆ. ಅವನು ನಗಲಿಲ್ಲ.

"ಹಾಳಾಯ್ತು ಅತ್ತಿಗೆ. ನಾಳೆ ಕೆಡವಕ್ಕೆ ಶುರು ಮಾಡ್ತಾರೆ. ಇದನ್ನ ಹೇಗೆ ತೋರ್ಸಲಿ?"

"ನಮಗೆ ಇಷ್ಟು ಕುಂಬಳಕಾಯಿ ತಿನ್ನಿಸಿ ತೋರ್ಸಲ್ವಂತೆ! ನಡಿ."

ಅದೇ ರಾತ್ರಿ ಮಾರ್ಕೆಟ್ಟಿನ ಗೋಡೆಗೆ ನಮ್ಮ ಹಾಸಿಗೆಯ ಬಿಳಿ ದುಪ್ಪಟಿ ಕಟ್ಟಿ, ಬಾಡಿಗೆಯ ಪ್ರೊಜೆಕ್ಟರಿಗೆ ಅವನ ಫೋನು ಜೋಡಿಸಿದೆವು. ಆ ಕೈ ಬಂದಾಗಲೆಲ್ಲ ಜನ ಶಿಳ್ಳೆ ಹಾಕಿ ನಕ್ಕರು. ಮೈದುನ ಕಂಬದ ಹಿಂದೆ ಅಡಗಿದ. ಸೊಪ್ಪಿನ ಅಂಗಡಿ ಬಂತು. ದಂಟು, ಮೆಂತ್ಯ, ನೀರು ಚಿಮುಕಿಸಿದ ಪುದಿನ, ಅದರ ಮೇಲೆ ಎಳೆ ಬಿಸಿಲು. ಸೊಪ್ಪಿನವಳು ಎದ್ದು ದುಪ್ಪಟಿಯ ಹತ್ತಿರ ಹೋದಳು.

"ಎನ್ ಕಡೈಯಾ ಇದು? ಇವ್ಳೋ ಅಳಗಾ?"

ತನ್ನ ಅಂಗಡಿ ಇಷ್ಟು ಚೆಂದವೆಂದು ಅವಳಿಗೆ ಹೇಗೆ ಗೊತ್ತಿರಬೇಕು? ಸೊಪ್ಪಿನ ಹಿಂದೆ ಕೂತವಳಿಗೆ ಇಷ್ಟು ವರ್ಷ ಕಂಡದ್ದು ನಮ್ಮ ಮುಖಗಳು ಮಾತ್ರ. "ಇನ್ನೊಂದು ಸಲ ಹಾಕುಂಗ ಸಾರ್" ಎಂದಳು. ಅವನು ಕಂಬದ ಹಿಂದಿನಿಂದ ಬಂದು ಇನ್ನೊಂದು ಸಲ ಹಾಕಿದ.

ಮರುದಿನ ಬೆಳಿಗ್ಗೆ ನಾನು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಒಲೆ ಹಚ್ಚಿ ಮೈದುನನನ್ನು ಕರೆದೆ.

"ಅಡಿಗೆಮನೆ ಬಾಗಿಲಲ್ಲಿ ನಿಂತು ತೆಗಿ" ಎಂದೆ. "ನಾನೂ ನೋಡ್ಬೇಕು."