ತಾಳಿ ಕಟ್ಟದ ಲ್ಯಾಪ್‌ಟಾಪ್

ಚಂದ್ರಶೇಖರ: ಫ್ಯಾನ್ ಕ್ಲೀನ್ ಮಾಡ್ಕೊಡು ಅಂದ್ರೆ ಅದರಲ್ಲಿ ನಗೋದೇನಿದೆ ಹೇಮಕ್ಕ?

ಹೇಮಶ್ರೀ: ಇದ್ದಿದ್ರೆ ಮಾಡ್ಕೊಡ್ತಿದ್ದೆ ಕಣಪ್ಪಾ. ಇದರಲ್ಲಿ ಫ್ಯಾನೇ ಇಲ್ಲ.

ಕಡೂರು ಬಸ್‌ಸ್ಟ್ಯಾಂಡ್ ಹಿಂದಿನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಹೇಮಶ್ರೀಯದು. ಎದುರಿಗೆ ಬೆವರುತ್ತ ನಿಂತವನು ಸಖರಾಯಪಟ್ಟಣದಲ್ಲಿ ಮದುವೆ ವಿಡಿಯೋ ಮಾಡುವ ಚಂದ್ರಶೇಖರ. ಸಂಜೆ ಏಳಕ್ಕೆ ತರೀಕೆರೆಯ ಆರತಕ್ಷತೆಯಲ್ಲಿ ಅವನ ವಿಡಿಯೋ ದೊಡ್ಡ ಪರದೆಯ ಮೇಲೆ ಓಡಬೇಕು. ಓಡದಿದ್ದರೆ ಆ ಬೀಗರ ಕಡೆಯ ಇನ್ನೂ ಮೂರು ಮದುವೆ ಕೈತಪ್ಪಿದಂತೆಯೇ. ಅವನ ಹೊಸ ಲ್ಯಾಪ್‌ಟಾಪೋ, ಹಪ್ಪಳದಷ್ಟು ತೆಳು. ಎಡಿಟ್ ಮಾಡಿದ ವಿಡಿಯೋ ಸಿದ್ಧವಾಗುತ್ತ ಮಾಂಗಲ್ಯಧಾರಣೆ ಬರುವ ಹೊತ್ತಿಗೆ ಕಾದು ಆಫ್ ಆಗುತ್ತದೆ.

ಚಂದ್ರಶೇಖರ: ಬೆಳಿಗ್ಗೆಯಿಂದ ಮದುಮಗ ಒಂಬತ್ತು ಸಲ ತಾಳಿ ಎತ್ತಿದಾನೆ. ಒಂದ್ ಸಲಾನೂ ಕಟ್ಟಿಲ್ಲ.

ಹೇಮಶ್ರೀ: ಯೋಚನೆ ಮಾಡೋ ಹುಡುಗ.

ತೆಂಗಿನ ಕರಟ ನಾಲ್ಕು ಇಟ್ಟು ಅದರ ಮೇಲೆ ಕೂರಿಸಿದ್ದನ್ನೂ, ಟೇಬಲ್ ಫ್ಯಾನ್ ಬೀಸಿದ್ದನ್ನೂ ಅವನು ಹೇಳಿಕೊಂಡ. ಗಾಳಿ ಒಳಗೆ ಹೋಗೋಕೆ ಕಿಂಡಿಯೇ ಇಲ್ಲ, ರೋಗಿಗೆ ಬಾಯೇ ಇಲ್ಲದಿದ್ದರೆ ಗಂಜಿ ಎಲ್ಲಿಗೆ ಹುಯ್ಯೋದು ಎಂದಳು ಅವಳು.

ಚಂದ್ರಶೇಖರ: ಹೋಗ್ಲಿ, ಮೆಮೊರಿನಾದ್ರೂ ಜಾಸ್ತಿ ಹಾಕು.

ಹೇಮಶ್ರೀ: ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರೆ. ಬ್ಯಾಟರಿಗೆ ಗೋಂದು.

ಚಂದ್ರಶೇಖರ: ಮತ್ತೆ ಇದಕ್ಕೆ ಏನ್ ಮಾಡ್ಬೋದು?

ಹೇಮಶ್ರೀ: ಒರೆಸ್ಬೋದು.

ಬಟ್ಟೆ ತಗೊಂಡು ಒರೆಸಿಯೂ ಕೊಟ್ಟಳು. ಆಗ ಅವನ ಕಣ್ಣು ಮೂಲೆಯ ದಪ್ಪ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಅವನದೇ ಹಳೆಯದು. ಹೋದ ತಿಂಗಳು, "ಈ ಎಮ್ಮೇನ ಎಮ್ಮೆದೊಡ್ಡಿಗೆ ಹೊಡಿ" ಎಂದು ಅವಳಿಗೆ ಕೊಟ್ಟು ಹೋಗಿದ್ದ. ಗಿರಾಕಿಗಳ ಮುಂದೆ ತೆಳ್ಳಗಿನದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುವ ಚಪಲ. ಅವಳು ಎಂಟು ಸ್ಕ್ರೂ ಬಿಚ್ಚಿ, ಬೊಗಸೆ ಧೂಳು ತೆಗೆದು, ಮೆಮೊರಿ ಎರಡರಷ್ಟು ಮಾಡಿ, ತಾನೇ ಬಳಸುತ್ತಿದ್ದಳು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಚಂದ್ರಶೇಖರ: ಅಕ್ಕಾ, ಅದನ್ನ ಒಂದ್ ಗಂಟೆ ಕೊಡ್ತೀಯಾ?

ಹೇಮಶ್ರೀ: ಯಾವುದನ್ನ?

ಚಂದ್ರಶೇಖರ: ಅದೇ... ಎಮ್ಮೆ.

ಹೇಮಶ್ರೀ: ಎಮ್ಮೆ ಇಲ್ಲಿಲ್ವಲ್ಲ.

ಚಂದ್ರಶೇಖರ: ಆಯ್ತು, ಕಾಮಧೇನು. ಕೊಡಕ್ಕ.

ತಂದಿದ್ದ ಹಾರ್ಡ್‌ಡಿಸ್ಕನ್ನು ಅದಕ್ಕೆ ಜೋಡಿಸಿದರು. ಲ್ಯಾಪ್‌ಟಾಪು ಅಕ್ಕಿ ಗಿರಣಿಯ ಹಾಗೆ ಗೊರ್ ಎನ್ನತೊಡಗಿತು. ಮದುಮಗ ಹತ್ತನೆಯ ಸಲ ತಾಳಿ ಎತ್ತಿದ. ಇಬ್ಬರೂ ಉಸಿರು ಬಿಗಿಹಿಡಿದರು. ಮೊದಲ ಗಂಟು ಬಿತ್ತು, ಎರಡನೆಯದು, ಮೂರನೆಯದು. ವಿಡಿಯೋ ಪೂರ್ತಿ ಸಿದ್ಧವಾಗಿ ಹಾರ್ಡ್‌ಡಿಸ್ಕಿಗೆ ಇಳಿಯಿತು.

ಉಸಿರು ಬಂದದ್ದೇ ತಡ, ಚಂದ್ರಶೇಖರನ ಹಳೇ ಬುದ್ಧಿಯೂ ಹಿಂದೆಯೇ ಬಂತು.

ಚಂದ್ರಶೇಖರ: ಕೆಲಸ ಏನೋ ಆಯ್ತು. ಆದ್ರೆ ಇದರ ಸದ್ದು ಕೇಳೋಕಾಗಲ್ಲ ಕಣಕ್ಕ.

ಹೇಮಶ್ರೀ: ತಾಳಿ ಕಟ್ಟೋವಾಗ ಗಟ್ಟಿಮೇಳ ಬೇಡ್ವೇನಪ್ಪಾ?