ದೊಡ್ಡಪ್ಪನ ಸ್ಟಾಪುಗಳು

ನಮ್ಮ ದೊಡ್ಡಪ್ಪನ ಕಣ್ಣಿಗೆ ಮನುಷ್ಯರು ಕಾಣುವುದಿಲ್ಲ, ಬರೀ ಸ್ಟಾಪುಗಳು ಕಾಣುತ್ತವೆ! ನಂಜನಗೂಡಿನಿಂದ ತಿ. ನರಸೀಪುರಕ್ಕೆ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಇಳಿಯುವ ಊರಿನ ಹೆಸರಿನಿಂದಲೇ ಜನರನ್ನು ಕರೆದು ರೂಢಿ. ನಿವೃತ್ತಿಯಾದ ಮೇಲೆ ಆ ಬಸ್ಸು ಮನೆಯೊಳಗೆ ಓಡುತ್ತಿದೆ. ತವರು ಮುಡುಕುತೊರೆ ಎಂಬ ಒಂದೇ ಕಾರಣಕ್ಕೆ ನಮ್ಮಮ್ಮ ‘ಮುಡುಕುತೊರೆ’. ದೊಡ್ಡಮ್ಮ ‘ಬಿಳಿಗೆರೆ’.

“ಮುಡುಕುತೊರೇ, ಬಿಳಿಗೆರೆ ಎಲ್ಲವ್ವ ಓಯ್ತು?” ಎಂದು ಒಮ್ಮೆ ನೆಂಟರೆದುರೇ ಕೂಗಿದರು.

“ಬಿಳಿಗೆರೆ ದಾಟಿ ಆಗ್ಲೇ ಒಂದ್ಗಂಟೆ ಆಯ್ತು. ಕಾಪಿ ನೀವೇ ಕಾಯಿಸ್ಕಳಿ!” ಅಡುಗೆಮನೆಯಿಂದ ದೊಡ್ಡಮ್ಮನ ಉತ್ತರ.

ಮತ್ತೆ ನಾನು? ವಿದ್ಯಾರ್ಥಿ ಪಾಸು ಹಿಡಿದು ಅವರ ಬಸ್ಸಿನಲ್ಲೇ ಶಾಲೆಗೆ ಹೋದವಳು. ಎಂಸಿಎ ಮುಗಿಸಿದರೂ ಇಂದಿಗೂ ‘ಪಾಸು’!

ಈಚೆಗೆ ತಿ. ನರಸೀಪುರದ ಕಾಲೇಜೊಂದರಲ್ಲಿ ಉಪನ್ಯಾಸಕಿ ಕೆಲಸಕ್ಕೆ ಡೆಮೊ ಪಾಠವಿತ್ತು. ಆ ಕೆಲಸ ನನಗೆ ಬೇಕೇಬೇಕಿತ್ತು. “ನನ್ ರೂಟು ಕಣವ್ವ, ನಾನೂ ಬತ್ತೀನಿ,” ಎಂದು ದೊಡ್ಡಪ್ಪ ಹೊರಟೇಬಿಟ್ಟರು.

ಪಾಠ, ಪ್ರೋಗ್ರಾಮಿಂಗ್‌ನಲ್ಲಿ ‘ಕ್ಲಾಸ್’ ಎಂಬ ಅಚ್ಚಿನಿಂದ ಹುಟ್ಟಿದ ಆಬ್ಜೆಕ್ಟ್‌ಗಳನ್ನು ಲಿಸ್ಟ್‌ನಲ್ಲಿಟ್ಟು ಮತ್ತೆ ಪಡೆಯುವುದು ಹೇಗೆಂದು. ‘ಪ್ರಯಾಣಿಕ’ ಎಂಬ ಕ್ಲಾಸ್ ಬರೆದೆ. ಪ್ರತಿ ಪ್ರಯಾಣಿಕನಿಗೂ ಒಂದು ಹೆಸರು, ಒಂದು ಊರು. ಮೂವರನ್ನು ಸೃಷ್ಟಿಸಿ ಲಿಸ್ಟ್‌ನಲ್ಲಿ ಕೂರಿಸಿದೆ. “ಈಗ ಇವರ ಹೆಸರು ನೋಡೋಣ,” ಎಂದು ಲಿಸ್ಟನ್ನು ಇಡಿಯಾಗಿ ಪ್ರಿಂಟ್ ಮಾಡಿದೆ. ಬಂದದ್ದೇನು? ಒಂದೇ ಒಂದು ಹೆಸರಿಲ್ಲ! ಮೂವರೂ ಕಂಪ್ಯೂಟರಿನ ಮೆಮೊರಿಯಲ್ಲಿ ಎಲ್ಲಿ ಕೂತಿದ್ದಾರೆಂಬ ವಿಳಾಸ ಮಾತ್ರ. ಸಾಕ್ಷಾತ್ ನಮ್ಮ ದೊಡ್ಡಪ್ಪ! ಒಬ್ಬೊಬ್ಬರನ್ನೇ ಲಿಸ್ಟ್‌ನಿಂದ ಹೊರಗೆ ಕರೆದು ಹೆಸರು ಕೇಳಬೇಕೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹಿಂದಿನ ಬೆಂಚು ನಕ್ಕಿತು.

“ಹೇಳಿ ಕಳಿಸ್ತೀವಿ,” ಎಂದರು ಪ್ರಿನ್ಸಿಪಾಲರು. ಅದರ ಅರ್ಥ ಯಾರಿಗೆ ಗೊತ್ತಿಲ್ಲ?

ಬಾಗಿಲು ದಾಟುವಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ “ಪಾಸೂ! ಪಾಸೂ!”

“ಆಗ್ಲೇ ಪಾಸಾಗೋದ್ರಾ ಮೇಡಂ? ಸ್ವೀಟ್ ಎಲ್ಲಿ?” ಎಂದರು ಗುಮಾಸ್ತರು. ಭೂಮಿ ಬಾಯಿಬಿಡಬಾರದೇ!

ಹಿಂದೆಯೇ ಬಂದ ಪ್ರಿನ್ಸಿಪಾಲರು ಕೇಳಿದರು: “ಯಾರಮ್ಮ ಅವರು?”

“ನಂಜನಗೂಡಿನವರು,” ಎಂದೆ. ಅಷ್ಟೇ ಎಂದೆ.

ತುಂಬಿದ ಬಸ್ಸಿನಲ್ಲೂ ಕೊನೇ ಸೀಟಿನ ಪಿಸುಮಾತು ಹಿಡಿಯುತ್ತಿದ್ದ ಕಿವಿ ದೊಡ್ಡಪ್ಪನದು. ಅಲ್ಲಿಂದಲೇ ಕೈಮುಗಿದರು. “ಊ ಸಾ, ನಂಜನಗೂಡು.”

ವಾಪಸು ಬರುವಾಗ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಅವರ ಮುಖ ನೋಡಲಾಗದೆ ಗದ್ದೆ ನೋಡುತ್ತಿದ್ದೆ. ಕೊನೆಗೆ, ಹೊರಗೆ ನೋಡುತ್ತಲೇ ಕೇಳಿದೆ: “ದೊಡ್ಡಪ್ಪ, ನನ್ ಹೆಸ್ರಾದ್ರೂ ನೆನಪಿದ್ಯಾ ನಿಮ್ಗೆ?”

“ಎಸ್ರಾ? ಇಟ್ಟೋನೇ ನಾನಲ್ವೇನವ್ವ!” ನಕ್ಕರು. “ಬಸ್ಸಲ್ಲಿ ಕೂಗಿ ಕೂಗಿ ಸವೆದೋದಾತು ಅಂತ ಅಂಗೇ ಮಡಗಿವ್ನಿ.”

ಅಷ್ಟರಲ್ಲಿ ಕಂಡಕ್ಟರ್ ಬಂದ. “ನಂಜನಗೂಡು ಎಷ್ಟು?”

“ಎರಡು,” ಎಂದೆ. “ನಾನು, ನಮ್ಮ ದೊಡ್ಡಪ್ಪ.”

ಯಾರು ಯಾರೆಂದು ಆತ ಕೇಳಿರಲಿಲ್ಲ.