ಸೂರು ನಂಬದ ಭಾವ

ನಮ್ಮ ಭಾವನವರಷ್ಟು ಧೈರ್ಯವಂತರು ಇಡೀ ದುರ್ಗದ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ನೆಲದಡಿ ನೂರಾರು ಅಡಿ ಇಳಿದು, ಹಣೆಗೊಂದು ದೀಪ ಕಟ್ಟಿಕೊಂಡು, ದಿನವಿಡೀ ಕತ್ತಲಲ್ಲಿ ಓಡಾಡಿ ಬರುತ್ತಿದ್ದರು. ಆದರೆ ಅದೇ ಮನುಷ್ಯರನ್ನು ಯಾರಾದರೂ ಮನೆಗೆ ಊಟಕ್ಕೆ ಕರೆದರೋ, ಹೊಸಿಲಲ್ಲೇ ನಿಂತುಬಿಡುತ್ತಿದ್ದರು! ಕತ್ತೆತ್ತಿ ಸೂರು ನೋಡಬೇಕು, ಛತ್ರಿಯ ತುದಿಯಿಂದ ನಾಲ್ಕು ಕಡೆ ಕುಟ್ಟಬೇಕು, ಕಿವಿಗೊಟ್ಟು ಕೇಳಬೇಕು, ಆಮೇಲೆ ಒಳಗೆ ಕಾಲು. ಗಟ್ಟಿ ಬಂಡೆ ಟಣ್ ಅನ್ನುತ್ತದಂತೆ, ಸಡಿಲಾದ ಬಂಡೆ ಡೊಬ್ ಅನ್ನುತ್ತದಂತೆ. ಗಣಿಯಲ್ಲಿ ಹಾರೆಯಿಂದ ಹೀಗೆ ಕುಟ್ಟಿ ನೋಡಿಯೇ ಕೆಲಸಕ್ಕೆ ಕೈ ಹಚ್ಚುವುದಂತೆ. ಗಣಿಯಲ್ಲಿ ಕುಟ್ಟಲಿ ಸ್ವಾಮಿ, ಬೇಡ ಅಂದವರಾರು? ಬೀಗರ ಮನೆಯ ಮಾಡನ್ನೂ ಕುಟ್ಟಬೇಕೆ? ಇಂಥವರನ್ನು ಕಟ್ಟಿಕೊಂಡು ನಮ್ಮಕ್ಕ, ಅವಳ ಜೊತೆಗೆ ನಾನು, ಪಟ್ಟ ಪಾಡು ಆ ದೇವರಿಗೇ ಗೊತ್ತು.

ಹೆಣ್ಣು ನೋಡಲು ನಮ್ಮ ಹಿರಿಯೂರಿನ ಮನೆಗೆ ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಹುಡುಗ ತಾಳ್ಯದ ಕಡೆಯವನು, ಬಂಡೆ ಎಷ್ಟು ಭಾರ ಹೊರುತ್ತದೆ, ಯಾವಾಗ ಬಿರಿಯುತ್ತದೆ ಎಂಬುದನ್ನೇ ವರ್ಷಗಟ್ಟಲೆ ಓದಿದ್ದಾನೆ, ದುರ್ಗದ ಹತ್ತಿರದ ಗಣಿಯೊಂದರಲ್ಲಿ ಕೆಲಸ ಎಂದು ಮಧ್ಯಸ್ಥರು ಹೇಳಿದ್ದರು. (ಗಣಿಯ ಹೆಸರು ಮಾತ್ರ ಕೇಳಬೇಡಿ.) ಅಕ್ಕ ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ನಿಂತಳು. ವರ ಮಹಾಶಯರು ಅಟ್ಟದ ತೊಲೆ ನೋಡುತ್ತಿದ್ದರು! ಅವ್ವ ನನ್ನ ಕಿವಿಯಲ್ಲಿ, "ಹುಡುಗನ್ಗೆ ಕತ್ತು ಉಳುಕೈತೇನೋ, ಕೇಳೋ" ಅಂದಳು. ಕೊನೆಗೂ ವರ ಬಾಯಿಬಿಟ್ಟರು. "ಆ ತೊಲೆ ನಡುಮಧ್ಯ ಸೀಳು ಬಿಟ್ಟೈತೆ. ಹುಡುಗೀನ ಈ ಕಡೆ ಕೂರಿಸ್ರಿ."

ಅಪ್ಪ ಕರಗಿಹೋದರು. "ಇನ್ನೂ ಮದ್ವೇನೇ ಆಗಿಲ್ಲ, ಎಷ್ಟು ಕಾಳಜಿ ನೋಡ್ರೋ!" ಎಂದು ಅಲ್ಲೇ ಒಪ್ಪಿಬಿಟ್ಟರು. ಅಕ್ಕ ಮಾತ್ರ ಇವತ್ತಿಗೂ ಹೇಳುತ್ತಾಳೆ, "ನಿಮ್ಮ ಭಾವ ಅವತ್ತು ನನ್ನ ಮುಖ ನೋಡಿದ್ರೋ ಇಲ್ವೋ, ದೇವ್ರಾಣೆಗೂ ಗೊತ್ತಿಲ್ಲ."

ನನಗೆ ದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಅವರ ಮನೆಗೇ ಬಂದು ಬಿದ್ದದ್ದು ಎಪ್ಪತ್ತರ ದಶಕದ ಮಾತು. ಬಿದ್ದದ್ದು ಅಂದೆನಲ್ಲ, ಆ ಮನೆಯಲ್ಲಿ ಆ ಪದವನ್ನು ಸುಮ್ಮನೆ ಆಡುವಂತಿರಲಿಲ್ಲ! "ಏನು ಬಿತ್ತು? ಎಲ್ಲಿ?" ಎಂದು ಭಾವ ಎದ್ದು ಓಡಿಬರುತ್ತಿದ್ದರು. ಗೋಡೆಯಲ್ಲಿ ಬಿರುಕು ಕಂಡರೆ ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸುತ್ತಿದ್ದರು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯುತ್ತದೆ, ಅಪಾಯ ತಿಳಿಯುತ್ತದೆ. ಇದೂ ಗಣಿಯ ಪದ್ಧತಿಯೇ. ಒಂದು ಬೆಳಿಗ್ಗೆ ನಡುಮನೆಯ ಗಾಜು ಒಡೆದಿತ್ತು. ಕೇಳಬೇಕೆ? ಹಾಸಿಗೆ, ಸೀಮೆಎಣ್ಣೆ ಸ್ಟೋವು, ರೇಡಿಯೋ, ಮೈಗೆ ಸೋಪು ಹಚ್ಚಿಕೊಂಡಿದ್ದ ನಾನು, ಎಲ್ಲ ಬೀದಿಗೆ! ನೆರೆಹೊರೆಯವರೆಲ್ಲ ಬಂದು ನೋಡುತ್ತಿದ್ದಾರೆ, ನಾನು ಟವೆಲ್ಲು ಹಿಡಿದುಕೊಂಡು ನಿಂತಿದ್ದೇನೆ.

ಅಷ್ಟರಲ್ಲಿ ಪಕ್ಕದ ಭಾಗದಲ್ಲಿದ್ದ ಮನೆ ಯಜಮಾನಿ, ಮದಕರಿಪುರದ ಅಜ್ಜಿ, ಹೊರಗೆ ಬಂದರು. "ಯಾಕ್ರಪ್ಪ, ಮನೆ ಖಾಲಿ ಮಾಡ್ತೀರಾ?"

"ಗೋಡೆ ಸರಿದೈತೆ ಅಮ್ಮಾ. ಗಾಜು ಒಡೆದೈತೆ."

"ಅಯ್ಯೋ ನಿನ್ನ! ಈ ಕಡೆಯಿಂದ ಕ್ಯಾಲೆಂಡರ್‌ಗೆ ಮೊಳೆ ಹೊಡೆದೆ ಕಣಪ್ಪ ನಾನು."

ಭಾವನಿಗೆ ನಾಚಿಕೆಯಾಯಿತು ಅಂತೀರಾ? "ಮೊಳೆ ಹೊಡೆಯೋಕೆ ಮುಂಚೆ ನನಗೊಂದು ಮಾತು ಹೇಳಬಾರ್ದೇನ್ರಿ?" ಎಂದು ಅಜ್ಜಿಯನ್ನೇ ಗದರಿಸಿ, ಹೊಸ ಗಾಜು ತರಲು ಹೊರಟರು. ನಾನು ಅವತ್ತು ಕಚೇರಿಗೆ ಎರಡು ತಾಸು ತಡವಾಗಿ ಹೋದೆ.

ಇಷ್ಟೇ ಆಗಿದ್ದರೆ ನಗುತ್ತಾ ಕಾಲ ಹಾಕಬಹುದಿತ್ತು. ಒಂದು ಸಂಜೆ ಭಾವ ಗಣಿಯಿಂದ ಬಂದವರೇ ಕೈಕಾಲೂ ತೊಳೆಯದೆ ಊಟಕ್ಕೆ ಕೂತರು. ಏನಾಯಿತು ಎಂದು ಕೇಳಿದೆ. ಯಾಕಾದರೂ ಕೇಳಿದೆನೋ! ಅಕ್ಕ ಆಗತಾನೆ ಕಟ್ಟಿಟ್ಟಿದ್ದ ನಾಲ್ಕು ಮುದ್ದೆಗಳನ್ನು ಎತ್ತಿ ಚೌಕವಾಗಿ ಇಟ್ಟರು. ಮೇಲೊಂದು ತಟ್ಟೆ ಮುಚ್ಚಿದರು. ತಟ್ಟೆಯ ಮೇಲೆ ರುಬ್ಬುಗುಂಡು ತಂದು ನಿಲ್ಲಿಸಿದರು.

"ನೋಡು. ಅದಿರು ತೆಗೀವಾಗ ಅಲ್ಲಲ್ಲಿ ಅದಿರನ್ನೇ ಕಂಬ ಬಿಡ್ತೀವಿ. ಈ ಮುದ್ದೆಗಳು ಕಂಬ. ತಟ್ಟೆ ಸೂರು. ಗುಂಡು ಮೇಲಿನ ಬೆಟ್ಟ. ಈಗ ದೊಡ್ಡ ಸಾಹೇಬ್ರು ಏನಂತಾರೆ ಗೊತ್ತಾ? ಕೆಳಗಿನ ಅಂತಸ್ತಿನಲ್ಲಿ ಕಂಬದಾಗೇ ಒಳ್ಳೆ ಅದಿರೈತೆ, ಅದನ್ನೂ ತೆಗೀರಿ ಅಂತಾರೆ."

ಹೇಳಿ ಒಂದು ಮುದ್ದೆಯನ್ನು ಎಳೆದುಕೊಂಡರು. ಉಳಿದ ಮೂರರ ಪಕ್ಕೆ ಬಿರಿಯಿತು. ನಾವು ನೋಡುತ್ತಿದ್ದಂತೆಯೇ ತಟ್ಟೆ ವಾಲಿ, ರುಬ್ಬುಗುಂಡು ಉರುಳಿ ಸೊಪ್ಪಿನ ಸಾರಿನ ಪಾತ್ರೆಗೆ ಧುಮುಕಿತು! ನನ್ನ ಬಿಳಿ ಷರಟು ಹಸಿರಾಯಿತು. "ಈಗ ಉಣ್ಣೋದೇನು, ನಿಮ್ಮ ಬಂಡೇನಾ?" ಎಂದು ಅಕ್ಕ ಕಿರುಚಿದಳು. ಭಾವ ನಗಲಿಲ್ಲ. "ಅದ್ರ ಕೆಳಗೆ ಇಪ್ಪತ್ತಾರು ಜನ ಕೆಲ್ಸ ಮಾಡ್ತಾರೆ ಕಣೇ" ಅಂದರು. ಆ ಇಪ್ಪತ್ತಾರು ಜನರ ಹೆಸರೂ ಅವರಿಗೆ ಗೊತ್ತಿತ್ತು.

ಕಂಬ ತೆಗೆಯಬಹುದು ಎಂಬ ಕಾಗದಕ್ಕೆ ಭಾವನವರ ಸಹಿ ಬೇಕಿತ್ತು. ಬಂಡೆಯ ತುಂಡುಗಳನ್ನು ಯಂತ್ರದಲ್ಲಿ ಅದುಮಿ, ಯಾವುದು ಎಷ್ಟು ಭಾರಕ್ಕೆ ಪುಡಿಯಾಯಿತೆಂದು ಬರೆದಿಟ್ಟು, ಸ್ಲೈಡ್ ರೂಲು ಹಿಡಿದು ವಾರಗಟ್ಟಲೆ ಲೆಕ್ಕ ಹಾಕಿದ್ದರು. ಕಂಬ ತೆಗೆದರೆ ಮೂರು ತಿಂಗಳೊಳಗೆ ಸೂರು ಇಳಿಯುತ್ತದೆ ಎಂದು ಅವರ ಲೆಕ್ಕ. ಅಕ್ಕ ಕೈಮುಗಿದಳು. "ಎಲ್ರೂ ಸಹಿ ಹಾಕವ್ರೆ. ನಿಮಗೊಬ್ರಿಗೇನ್ರಿ? ಹಾಕ್ಬಿಡ್ರಿ."

"ಲೆಕ್ಕ ಬೇಡ ಅನ್ನುತ್ತಲ್ಲೇ, ನಾನು ಹೆಂಗೆ ಹೂಂ ಅನ್ಲಿ?"

ಅವರು ಹಾಕಲಿಲ್ಲ. ಇನ್ನೊಬ್ಬರು ಹಾಕಿದರು. ಭಾವನವರನ್ನು ಉಗ್ರಾಣಕ್ಕೆ ದೂಡಿ, ರಬ್ಬರ್ ಬೂಟು, ಟೋಪಿಗಳನ್ನು ಎಣಿಸಲು ಕೂರಿಸಿದರು. ಕಂಬಗಳು ಒಂದೊಂದಾಗಿ ಹೋದವು. ಮೂರು ತಿಂಗಳಾಯಿತು. ಸೂರು ಬೀಳಲಿಲ್ಲ! ಐದು ತಿಂಗಳಾಯಿತು. ಊಹೂಂ!

ಆಮೇಲಿನದನ್ನು ಹೇಗೆ ಹೇಳಲಿ? ದುರ್ಗ ಎಷ್ಟು ದೊಡ್ಡ ಊರು? ಹೋಟೆಲಿಗೆ ಹೋದರೆ ಗಲ್ಲಾಪೆಟ್ಟಿಗೆಯ ಮುಂದಿದ್ದವನು, "ಏನ್ಸಾರ್, ಬಿತ್ತಾ?" ಕ್ಷೌರದಂಗಡಿಯಲ್ಲಿ, "ಬಿತ್ತಾ ಸಾರ್?" ಬಸ್ಸಿನಲ್ಲಿ ಕಂಡಕ್ಟರೂ ಅದನ್ನೇ ಕೇಳುತ್ತಿದ್ದ. ನನ್ನ ಕಚೇರಿಯವರು ನನ್ನನ್ನು 'ಬಿತ್ತಾ ಸಾಹೇಬ್ರ ಭಾಮೈದ' ಎಂದೇ ಕರೆಯುತ್ತಿದ್ದರು. ಭಾವನವರ ಊಟ ಅರ್ಧವಾಯಿತು, ಮೈ ಇಳಿಯಿತು. ಕೆಲಸ ಮುಗಿದರೂ ಮನೆಗೆ ಬಾರದೆ ಗಣಿಯ ಬಾಯಿಯ ಹತ್ತಿರ ನಿಂತು, ಮೇಲೆ ಬರುವವರನ್ನು ಎಣಿಸುತ್ತಿದ್ದರು. ಕೆಳಗೆ ಸೂರಿಗೆ ಮರದ ಆಸರೆ ನಿಲ್ಲಿಸುವ ಕಾಸಿಂ ಸಾಬರು ದಿನಾ ಕೊನೆಯವರಾಗಿ ಬಂದು, "ಎಲ್ಲಾ ಬಂದೀವಿ ಸಾಬ್, ಇನ್ನ ಮನೆಗೆ ಹೋಗ್ರಿ" ಎಂದ ಮೇಲೆಯೇ ಭಾವ ಅಲ್ಲಿಂದ ಕದಲುತ್ತಿದ್ದರಂತೆ. ಅಕ್ಕ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ನನಗಂತೂ ಬದುಕೇ ಬೇಸರವಾಗಿಹೋಗಿತ್ತು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಯಾರೋ ಮತ್ತೆ ಬೀದಿಯಲ್ಲಿ ಕೇಳಿ ನಕ್ಕಿದ್ದರು. ಮನೆಗೆ ಬಂದವನೇ ಸಿಟ್ಟಿನಲ್ಲಿ ಅಂದುಬಿಟ್ಟೆ, "ಒಂದೇ ಒಂದು ಸಲ ಬಿದ್ದುಹೋಗಿದ್ರೆ ನಿಮ್ಮ ಮರ್ಯಾದೆ ಉಳೀತಿತ್ತಲ್ಲ ಭಾವ! ಬೀಳ್ಲಿ ಅತ್ಲಾಗೆ!"

ಭಾವ ಕುಡಿಯುತ್ತಿದ್ದ ಟೀ ಲೋಟವನ್ನು ಕೆಳಗಿಟ್ಟು ಎದ್ದುಹೋದರು. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಪಂಕ್ತಿ, ಒಂದು ಮಾತಿಲ್ಲ. ತಪ್ಪು ಇವರದು, ಮುನಿಸೂ ಇವರದೇ ಎಂದು ನಾನೂ ಬಿಗಿದುಕೊಂಡೆ.

ಹೀಗೇ ಇನ್ನೆರಡು ತಿಂಗಳು. ಒಂದು ಸಂಜೆ ಬೀದಿಯ ತುದಿಯಿಂದ ಭಾವ ಓಡಿ ಬರುತ್ತಿದ್ದರು. ಅವರು ಬೀದಿಯಲ್ಲಿ ಓಡಿದ್ದನ್ನು ನಾನು ಕಂಡಿರಲೇ ಇಲ್ಲ. ಬಿತ್ತು ಎಂದುಕೊಂಡೆ. ಅವರ ಕೈಯಲ್ಲಿ ಎಣ್ಣೆ ಹೀರಿದ ದೊಡ್ಡ ಕಾಗದದ ಪೊಟ್ಟಣ, ಹಿಂದೆ ಏದುಸಿರು ಬಿಡುತ್ತಾ ಕಾಸಿಂ ಸಾಬರು.

"ಮುಗೀತು ಕಣೇ!" ಭಾವ ಬಾಗಿಲಲ್ಲೇ ಕೂಗಿದರು. "ಅದಿರೆಲ್ಲ ತೆಗೆದು ಕೆಳಗಿನ ಅಂತಸ್ತು ಮುಚ್ಚಿದ್ರು! ಇನ್ನು ಅಲ್ಲಿ ಯಾರೂ ಇಳಿಯಂಗಿಲ್ಲ! ನನ್ನ ಲೆಕ್ಕ ತಪ್ಪು ಕಣೇ, ಪೂರಾ ತಪ್ಪು!"

ಎದುರು ಮನೆಯವನು ಎಂದಿನಂತೆ, "ಏನ್ಸಾರ್, ಬೀಳ್ಲೇ ಇಲ್ವಂತೆ?" ಎಂದ. "ಇಲ್ಲ ಕಣಪ್ಪ, ಬೀಳ್ಲಿಲ್ಲ! ತಗೋ, ಬಾಯಿ ಸಿಹಿ ಮಾಡ್ಕೋ" ಎಂದು ಭಾವ ಅವನ ಕೈಗೊಂದು ಲಾಡು ಇಟ್ಟರು. ಅವನು ಪೆಚ್ಚಾಗಿ ನಿಂತ.

ಕಾಸಿಂ ಸಾಬರು ಜಗುಲಿಯ ಮೇಲೆ ಕೂತು ಅಕ್ಕನಿಗೆ ಹೇಳಿದರು, "ಗಣಿ ಬಾಯಿ ಹತ್ರ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ತಲೆ ಮುಟ್ಟಿ ಮುಟ್ಟಿ ಲಾಡು ಕೊಟ್ರು ತಾಯಿ. ನಾನು ಕಡೇಲಿ ಬಂದೆ, ನನ್ನ ತಬ್ಕಂಡು ಅತ್ಬಿಟ್ರು."

ಭಾವನವರನ್ನು ಮತ್ತೆ ಹಳೆಯ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಲೆಕ್ಕ ತಪ್ಪಿದವರ ಮಾತನ್ನು ಯಾರು ಕೇಳುತ್ತಾರೆ? ನಿವೃತ್ತಿಯಾಗುವವರೆಗೂ ಬೂಟು, ಟೋಪಿ ಎಣಿಸಿದರು. ಅದು ಹೀಗೇ ಆಗುತ್ತದೆಂದು ಆ ಸಂಜೆಯೇ ಅವರಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಆದರೂ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬೀದಿಯವರೆಲ್ಲ ನೋಡುತ್ತಿದ್ದಂತೆಯೇ ಗಂಡನ ಬಾಯಿಗೊಂದು ಲಾಡು ಹಾಕಿದಳು.

ನಾನು ಜಗುಲಿಯ ಕಂಬದ ಮರೆಯಲ್ಲಿ ನಿಂತಿದ್ದೆ. ಬೀಳಲಿ ಎಂದ ಬಾಯಿ ನನ್ನದು. ಭಾವ ಪೊಟ್ಟಣ ಹಿಡಿದು ನನ್ನ ಹತ್ತಿರ ಬಂದರು. ಕೈ ಚಾಚಲು ನನಗೆ ಮುಖವಿರಲಿಲ್ಲ. ಅವರೇ ನನ್ನ ಗದ್ದ ಹಿಡಿದೆತ್ತಿ, ಎರಡು ತಿಂಗಳ ಮೇಲೆ ಮಾತಾಡಿದರು.

"ಬಾಯಿ ತೆಗಿಯೋ. ಅಷ್ಟೂ ಜನ ಮೇಲೆ ಬಂದವ್ರೆ."